ಬಿಚ್ಚಿದ್ದು ಸುಲಭ, ಮಡಚುವುದು ಕಷ್ಟ: ಬಾಹ್ಯಾಕಾಶ ನಿಲ್ದಾಣದ ಸೋಲಾರ್ ರೆಕ್ಕೆ ಹರಿದಾಗ

2006ರ ಡಿಸೆಂಬರ್ 13ರಂದು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಒಂದು ಸೋಲಾರ್ ರೆಕ್ಕೆಯನ್ನು ಮಡಚಿ ಪೆಟ್ಟಿಗೆಯೊಳಗೆ ಸೇರಿಸಬೇಕಿತ್ತು. ಆದೇಶ ಕೊಟ್ಟರೆ ಸಾಕು, ಮೋಟಾರ್ ತಿರುಗಿ ರೆಕ್ಕೆ ತಾನಾಗಿ ಮಡಚಿಕೊಳ್ಳಬೇಕು. ಹಾಗೆಂದೇ ಅದನ್ನು ಕಟ್ಟಿದ್ದರು. ಆದರೆ ಆರೂವರೆ ಗಂಟೆ ಒದ್ದಾಡಿದರೂ ಕೆಲಸ ಮುಗಿಯಲಿಲ್ಲ. 40ಕ್ಕೂ ಹೆಚ್ಚು ಸಲ ಆದೇಶ ಕೊಟ್ಟರು. ಸ್ವಲ್ಪ ಒಳಗೆ ಎಳೆಯುವುದು, ಎಲ್ಲೋ ಸಿಕ್ಕಿಕೊಂಡಂತೆ ಕಂಡರೆ ನಿಲ್ಲಿಸುವುದು, ಸ್ವಲ್ಪ ಹೊರಗೆ ಬಿಡುವುದು, ಮತ್ತೆ ಎಳೆಯುವುದು. ರೆಕ್ಕೆಯ ಕಂಬದಲ್ಲಿದ್ದ 31 ಚೌಕಟ್ಟುಗಳಲ್ಲಿ ಸುಮಾರು ಅರ್ಧದಷ್ಟು ಮಾತ್ರ ಒಳಗೆ ಹೋದವು. ಉಳಿದದ್ದು ಹೊರಗೇ ನಿಂತಿತು.

ಇಷ್ಟಕ್ಕೂ ಆ ರೆಕ್ಕೆ ಕೆಟ್ಟಿರಲಿಲ್ಲ. ಆರು ವರ್ಷದಿಂದ ಚೆನ್ನಾಗಿಯೇ ವಿದ್ಯುತ್ ಕೊಡುತ್ತಿತ್ತು. ಆದರೂ ಅದು ಮಡಚಲು ಯಾಕೆ ಒಪ್ಪಲಿಲ್ಲ ಎಂದು ತಿಳಿದರೆ, ಮುಂದಿನ ವರ್ಷ ಅದೇ ರೆಕ್ಕೆ ಯಾಕೆ ಹರಿಯಿತು ಎಂಬುದೂ ಅರ್ಥವಾಗುತ್ತದೆ. ಎರಡನ್ನೂ ಬೇರೆ ಬೇರೆ ಘಟನೆಗಳಂತೆ ಹೇಳುವುದು ರೂಢಿ. ನನ್ನ ಪ್ರಕಾರ ಅವು ಒಂದೇ ಕಥೆಯ ಎರಡು ಭಾಗ.

ಮೊದಲು ಈ ರೆಕ್ಕೆಯ ರಚನೆ ನೋಡೋಣ. ನಮ್ಮ ಮನೆಗಳ ತಾರಸಿ ಮೇಲಿರುವ ಗಟ್ಟಿ ಗಾಜಿನ ಪ್ಯಾನೆಲ್ ಥರದ್ದಲ್ಲ ಇದು. ನಿಲ್ದಾಣದ ಮೂಲ ರೆಕ್ಕೆಗಳು ಒಟ್ಟು ಎಂಟು. ಒಂದೊಂದೂ ಸುಮಾರು 35 ಮೀಟರ್ ಉದ್ದ, 12 ಮೀಟರ್ ಅಗಲ. ನಡುವೆ ಒಂದು ಕಂಬ, ಅದರ ಎರಡೂ ಬದಿಗೆ ಒಂದೊಂದು ತೆಳುವಾದ ಹಾಳೆ. ಕ್ಯಾಪ್ಟಾನ್ ಎಂಬ ಬಂಗಾರದ ಬಣ್ಣದ ಪ್ಲಾಸ್ಟಿಕ್ ಮೇಲೆ ಅಂಗೈ ಅಗಲದ ಸೌರಕೋಶಗಳನ್ನು ಅಂಟಿಸಿ ಈ ಹಾಳೆ ಮಾಡಿದ್ದಾರೆ. ಒಂದು ರೆಕ್ಕೆಯಲ್ಲಿ 32,800 ಕೋಶಗಳು. ಒಂದೊಂದು ಹಾಳೆಯಲ್ಲೂ 84 ಪಟ್ಟಿಗಳಿವೆ. ಪಟ್ಟಿ ಪಟ್ಟಿಯ ನಡುವೆ ಕೀಲು. ನೆಲದಿಂದ ಹೊರಡುವಾಗ ಇಡೀ ಹಾಳೆ ಮಡಿಕೆ ಮಡಿಕೆಯಾಗಿ ಸುಮಾರು ಅರ್ಧ ಮೀಟರ್ ದಪ್ಪದ ಪೆಟ್ಟಿಗೆಯಲ್ಲಿ ಕೂತಿರುತ್ತದೆ. ಮೇಲೆ ಹೋದಮೇಲೆ ಕಂಬ ಒಂದೊಂದೇ ಚೌಕಟ್ಟಾಗಿ ಹೊರಗೆ ಬೆಳೆಯುತ್ತಾ ಹಾಳೆಗಳನ್ನು ಎಳೆದು ಬಿಚ್ಚುತ್ತದೆ.

ಇಲ್ಲಿ ಒಂದು ಸಣ್ಣ ಭಾಗದ ಮೇಲೆ ಕಣ್ಣಿಡಬೇಕು. ಹಾಳೆ ಅಡ್ಡಾದಿಡ್ಡಿ ಹೊರಳದಂತೆ ನೋಡಿಕೊಳ್ಳಲು ಅದರ ಹಿಂಬದಿಯಲ್ಲಿ ಉದ್ದಕ್ಕೂ ಸಣ್ಣ ಉಕ್ಕಿನ ತಂತಿಗಳು ಹಾದುಹೋಗುತ್ತವೆ. ಒಂದು ಹಾಳೆಗೆ ಮೂರು ತಂತಿ. ಮಡಿಕೆಗಳಲ್ಲಿ ಉಂಗುರ ಕೂರಿಸಿದ ತೂತುಗಳಿವೆ, ತಂತಿ ಅವುಗಳ ಮೂಲಕ ಜಾರಬೇಕು. ಬುಡದಲ್ಲಿ ಸ್ಪ್ರಿಂಗ್ ಇರುವ ಸುರುಳಿಗಳು ತಂತಿಯನ್ನು ಸದಾ ಬಿಗಿಯಾಗಿ ಹಿಡಿದಿರುತ್ತವೆ. ಕಿಟಕಿಗೆ ಸ್ಪ್ರಿಂಗ್ ತಂತಿ ಕಟ್ಟಿ ಅದರ ಮೇಲೆ ಪರದೆ ಹಾಕಿರುತ್ತೇವಲ್ಲ, ಒಂದು ರಿಂಗ್ ಸಿಕ್ಕಿಕೊಂಡರೂ ಇಡೀ ಪರದೆ ಮುದುಡಿ ನಿಲ್ಲುತ್ತದೆ. ಇಲ್ಲೂ ಅಷ್ಟೇ.

ಬಿಚ್ಚುವಾಗ ಈ ತಂತಿಗಳಿಂದ ಹೆಚ್ಚು ತೊಂದರೆಯಿಲ್ಲ. ಕಂಬ ಹಾಳೆಯನ್ನು ಎಳೆಯುತ್ತಿರುತ್ತದೆ. ಎಳೆತ ಇದ್ದಾಗ ಎಲ್ಲವೂ ನೇರವಾಗಿ ನಿಲ್ಲುತ್ತದೆ. ಮಡಚುವಾಗ ಹಾಳೆಯನ್ನು ಒಳಕ್ಕೆ ಎಳೆಯುವವರು ಯಾರೂ ಇಲ್ಲ. ಕಂಬ ಕುಗ್ಗುತ್ತದೆ, ಹಾಳೆ ಸಡಿಲವಾಗುತ್ತದೆ. ಹಳೆಯ ಮಡಿಕೆಗಳ ಗುರುತು ಹಿಡಿದು ಅದು ತಾನೇ ಸರಿಯಾಗಿ ಮಡಚಿಕೊಳ್ಳಬೇಕು. ಗುರುತ್ವಾಕರ್ಷಣೆಯ ಸಹಾಯವೂ ಇಲ್ಲದ ಜಾಗ ಅದು. ಇನ್ನು ಆರು ವರ್ಷ ಬಿಚ್ಚಿಕೊಂಡೇ ಇದ್ದ ಹಾಳೆ, ಒಂದೂವರೆ ಗಂಟೆಗೊಮ್ಮೆ ಬಿಸಿಲು, ನೆರಳು, ಬಿಸಿಲು, ನೆರಳು ಎಂದು ಕಾದು ತಣ್ಣಗಾಗಿದೆ. ಮಡಿಕೆಗಳು ಚಪ್ಪಟೆಯಾಗಿವೆ. ಕೆಲವು ಪಟ್ಟಿಗಳು ಉಲ್ಟಾ ದಿಕ್ಕಿಗೆ ಬಾಗಲು ನೋಡುತ್ತವೆ. ಉಂಗುರದಲ್ಲಿ ತಂತಿ ಜಾರುವ ಬದಲು ಕಚ್ಚಿ ಹಿಡಿಯುತ್ತದೆ. ಎಲ್ಲ ಸೇರಿದರೆ, 2006ರಲ್ಲಿ ಆದದ್ದೇ ಆಗುತ್ತದೆ.

ಹಾಗಾದರೆ ಚೆನ್ನಾಗಿದ್ದ ರೆಕ್ಕೆಯನ್ನು ಮಡಚುವ ಗೋಜಿಗೆ ಯಾಕೆ ಹೋದರು? ನಿಲ್ದಾಣವನ್ನು ತುಂಡು ತುಂಡಾಗಿ ಕಟ್ಟುತ್ತಿದ್ದರು. ಪಿ6 ಎಂಬ ತೊಲೆ ಎರಡು ರೆಕ್ಕೆಗಳ ಸಮೇತ 2000ದ ಡಿಸೆಂಬರ್‌ನಲ್ಲೇ ಬಂದಿತ್ತು. ಆಗ ಅದರ ಕೊನೆಯ ಜಾಗ ಇನ್ನೂ ಕಟ್ಟಿರಲಿಲ್ಲ. ಕರೆಂಟ್ ಮಾತ್ರ ತಕ್ಷಣ ಬೇಕಿತ್ತು. ಅದಕ್ಕೆ ತಾತ್ಕಾಲಿಕವಾಗಿ ನಿಲ್ದಾಣದ ನೆತ್ತಿಯ ಮೇಲೆ ನಿಲ್ಲಿಸಿದರು. 2006ರ ಸೆಪ್ಟೆಂಬರ್‌ನಲ್ಲಿ ಪಕ್ಕದಲ್ಲಿ ಹೊಸ ರೆಕ್ಕೆಗಳು ಬಂದವು. ಅವು ಸೂರ್ಯನ ಕಡೆ ಮುಖ ಮಾಡಿ ದೊಡ್ಡ ಕೀಲಿನ ಮೇಲೆ ಸುತ್ತಬೇಕು. ಸುತ್ತುವ ದಾರಿಗೆ ಪಿ6ನ 4ಬಿ ಎಂಬ ರೆಕ್ಕೆ ಅಡ್ಡ ಇತ್ತು. ಅದನ್ನು ಮಡಚಬೇಕು, ನಂತರ ಇನ್ನೊಂದನ್ನೂ ಮಡಚಬೇಕು, ಆಮೇಲೆ ಇಡೀ ತೊಲೆಯನ್ನು ಎತ್ತಿ ನಿಲ್ದಾಣದ ಎಡ ತುದಿಗೆ ಜೋಡಿಸಿ ಮತ್ತೆ ಬಿಚ್ಚಬೇಕು. ಯೋಜನೆ ಇಷ್ಟು.

ಅರ್ಧದಷ್ಟು ಚೌಕಟ್ಟು ಒಳಗೆ ಹೋಗಿದ್ದರಿಂದ ಪಕ್ಕದ ರೆಕ್ಕೆಗಳು ಸುತ್ತಲು ಜಾಗ ಸಿಕ್ಕಿತು. ತುರ್ತು ಮುಗಿಯಿತು. ಆದರೆ ಅರ್ಧ ಮಡಚಿದ ರೆಕ್ಕೆಯನ್ನು ಹಾಗೇ ಬಿಡುವಂತಿರಲಿಲ್ಲ. ಮೊದಲು ರೆಕ್ಕೆಯ ಬುಡವನ್ನು ಎಡಕ್ಕೆ ಬಲಕ್ಕೆ ತಿರುಗಿಸಿ ಅಲುಗಾಡಿಸಿ ನೋಡಿದರು. ಒಳಗೆ ಯಾರಾದರೂ ವ್ಯಾಯಾಮ ಮಾಡಿದಾಗ ರೆಕ್ಕೆಗಳು ತುಸು ತೂಗಾಡುತ್ತವೆ ಎಂಬುದು ಮೊದಲೇ ಗೊತ್ತಿತ್ತು. ಹಾಗಾಗಿ ನಿಲ್ದಾಣದಲ್ಲಿದ್ದ ಜರ್ಮನಿಯ ಗಗನಯಾತ್ರಿ ಥಾಮಸ್ ರೈಟರ್ ಅವರಿಗೆ ವ್ಯಾಯಾಮ ಯಂತ್ರದ ಮೇಲೆ ಜೋರಾಗಿ ಕಸರತ್ತು ಮಾಡಲು ಹೇಳಿದರು, ಆ ಅಲುಗಾಟಕ್ಕಾದರೂ ತಂತಿ ಸಡಿಲವಾಗಲಿ ಎಂದು. ಆಗಲಿಲ್ಲ. ಕೊನೆಗೆ ಮನುಷ್ಯರೇ ಹೊರಗೆ ಹೋಗಬೇಕಾಯಿತು.

ಡಿಸೆಂಬರ್ 16ರಂದು ರಾಬರ್ಟ್ ಕರ್ಬೀಮ್ ಮತ್ತು ಸುನಿತಾ ವಿಲಿಯಮ್ಸ್ ತಮ್ಮ ಬೇರೆ ಕೆಲಸ ಮುಗಿಸಿ ರೆಕ್ಕೆಯ ಬುಡಕ್ಕೆ ಹೋದರು. ಪೆಟ್ಟಿಗೆಯನ್ನು ಹಿಡಿದು ತಳ್ಳುತ್ತಾ ಅಲುಗಾಡಿಸಿದರು. ಒಳಗಿದ್ದವರು ಅದೇ ಹೊತ್ತಿಗೆ ಒಂದೊಂದೇ ಚೌಕಟ್ಟು ಎಳೆದುಕೊಂಡರು. 11 ಚೌಕಟ್ಟು ಉಳಿದವು. ಎರಡು ದಿನ ಬಿಟ್ಟು, ಯೋಜನೆಯಲ್ಲೇ ಇಲ್ಲದ ನಾಲ್ಕನೇ ಬಾಹ್ಯಾಕಾಶ ನಡಿಗೆಗೆ ಕರ್ಬೀಮ್ ಮತ್ತೆ ಹೊರಟರು, ಜೊತೆಗೆ ಸ್ವೀಡನ್ನಿನ ಕ್ರಿಸ್ಟರ್ ಫುಗ್ಲೆಸಾಂಗ್. ಆ ದಿನ ಕೆಲಸ ಮುಗಿಯಿತು. ಸಿಕ್ಕಿಕೊಂಡ ಉಂಗುರಗಳನ್ನು ಒಂದೊಂದಾಗಿ ಬಿಡಿಸಿದ್ದು, ಟೇಪ್ ಸುತ್ತಿದ ಸಣ್ಣ ಕೈ ಉಪಕರಣಗಳಿಂದ. ಒಂದೇ ಶಟಲ್ ಯಾತ್ರೆಯಲ್ಲಿ ನಾಲ್ಕು ಸಲ ಹೊರಗೆ ನಡೆದವರಲ್ಲಿ ಕರ್ಬೀಮ್ ಮೊದಲಿಗರು. ಪಿ6ನ ಇನ್ನೊಂದು ರೆಕ್ಕೆ 2ಬಿಯನ್ನು 2007ರ ಜೂನ್‌ನಲ್ಲಿ ಮಡಚಿದರು. ಅದಕ್ಕೂ ಗಗನಯಾತ್ರಿಗಳು ಹೊರಗೆ ಹೋಗಿ ಕೈಹಾಕಬೇಕಾಯಿತು.

ಈಗ 2007ರ ಅಕ್ಟೋಬರ್ 30. ಡಿಸ್ಕವರಿ ಶಟಲ್ ನಿಲ್ದಾಣಕ್ಕೆ ಅಂಟಿಕೊಂಡಿತ್ತು. ಶಟಲ್‌ಗೆ ಪ್ಯಾಮ್ ಮೆಲ್‌ರಾಯ್ ಕಮಾಂಡರ್, ನಿಲ್ದಾಣಕ್ಕೆ ಪೆಗ್ಗಿ ವಿಟ್ಸನ್ ಕಮಾಂಡರ್. ಎರಡೂ ಕಡೆ ಮಹಿಳೆಯರು ಮುಖ್ಯಸ್ಥರಾಗಿದ್ದದ್ದು ಅದೇ ಮೊದಲು. ಪಿ6 ತೊಲೆ ಅಂದು ತನ್ನ ಕಾಯಂ ಜಾಗಕ್ಕೆ ಸೇರಿತು. 2ಬಿ ರೆಕ್ಕೆ ಸಲೀಸಾಗಿ ಬಿಚ್ಚಿಕೊಂಡಿತು. ನಂತರ 4ಬಿ. ಮುಕ್ಕಾಲು ಭಾಗಕ್ಕಿಂತ ಜಾಸ್ತಿ ಬಿಚ್ಚಿದ್ದಾಗ ಹಾಳೆಯಲ್ಲಿ ಏನೋ ವ್ಯತ್ಯಾಸ ಕಂಡು ತಕ್ಷಣ ನಿಲ್ಲಿಸಿದರು. ಬಿಸಿಲಿನ ಕೋನ ಕಣ್ಣು ಕುಕ್ಕುವಂತಿದ್ದದ್ದರಿಂದ ಮೊದಲೇ ಕಾಣಿಸಿರಲಿಲ್ಲ. ಕ್ಯಾಮೆರಾ ಹತ್ತಿರಕ್ಕೆ ಹಿಡಿದಾಗ ಗೊತ್ತಾಯಿತು: ಎರಡು ಕಡೆ ಹರಿದಿತ್ತು. ದೊಡ್ಡದು ಸುಮಾರು ಎರಡೂವರೆ ಅಡಿ.

ಕಾರಣ ಅದೇ ತಂತಿ. ಒಂದು ಕಡೆ ಅದರ ಎಳೆಗಳು ಬಿಚ್ಚಿ, ಹಿಂಜಿ, ಗಂಟಾಗಿ ಹಾಳೆಗೆ ಸಿಕ್ಕಿಕೊಂಡಿತ್ತು. ಕಂಬ ಮಾತ್ರ ಎಳೆಯುತ್ತಲೇ ಇತ್ತು. ತಂತಿ ಬಿಡಲಿಲ್ಲ, ಹಾಳೆ ಹರಿಯಿತು.

ಆ ಹೊತ್ತಿಗೆ ಎದುರಿಗಿದ್ದ ದಾರಿಗಳನ್ನು ನೋಡಿ. ಪೂರ್ತಿ ಬಿಚ್ಚಿದರೆ ಹರುಕು ದೊಡ್ಡದಾಗುತ್ತದೆ. ವಾಪಸ್ ಮಡಚಲು ಹೋದರೆ ಗಂಟು ಇನ್ನಷ್ಟು ಕಡೆ ಸಿಕ್ಕಿಕೊಳ್ಳುತ್ತದೆ, ಹಿಂದಿನ ವರ್ಷದ ಅನುಭವ ಕಣ್ಣಮುಂದೆಯೇ ಇದೆ. ಹಾಗೇ ಬಿಡೋಣವೆಂದರೆ, ಕಂಬ ಪೂರ್ತಿ ಹೊರಬಂದು ಹಾಳೆ ಬಿಗಿಯಾಗಿ ನಿಂತಾಗಲೇ ರೆಕ್ಕೆಗೆ ಪೂರ್ಣ ಬಲ. ಅರ್ಧಂಬರ್ಧ ನಿಂತ ರೆಕ್ಕೆಯನ್ನು ಸೂರ್ಯನ ಹಿಂದೆ ತಿರುಗಿಸುವಂತಿಲ್ಲ. ನೌಕೆಗಳು ಬಂದು ಅಂಟುವಾಗಿನ ಕುಲುಕಾಟವನ್ನು ಅದು ತಡೆಯುತ್ತದೆ ಎಂಬ ಭರವಸೆಯೂ ಇಲ್ಲ. ಸಾಲದ್ದಕ್ಕೆ ಎರಡು ದಿನ ಮುಂಚೆ ಡ್ಯಾನ್ ಟಾನಿ ನಿಲ್ದಾಣದ ಬಲಭಾಗದ ದೊಡ್ಡ ಸುತ್ತುವ ಕೀಲಿನಲ್ಲಿ ಲೋಹದ ಪುಡಿ ಕಂಡಿದ್ದರು. ಅಂದರೆ ಆ ಬದಿಯ ರೆಕ್ಕೆಗಳನ್ನೂ ಮನಬಂದಂತೆ ಸುತ್ತಿಸುವಂತಿಲ್ಲ. ಯುರೋಪಿನ ಪ್ರಯೋಗಾಲಯ ಕೊಲಂಬಸ್ ಹೊರಡಲು ಸಿದ್ಧವಾಗುತ್ತಿತ್ತು, ಅದಕ್ಕೂ ವಿದ್ಯುತ್ ಬೇಕು. ಕೊನೆಯ ದಾರಿ ರೆಕ್ಕೆಯನ್ನೇ ಕಳಚಿ ಎಸೆಯುವುದು.

ಹೊಲಿಯಬೇಕು ಎಂದು ತೀರ್ಮಾನವಾಯಿತು. ಆದರೆ ಹಾಳೆಯ ಹರಿದ ಅಂಚುಗಳನ್ನು ಹತ್ತಿರ ತಂದು ಹೊಲಿಯುವುದಲ್ಲ. ಬೇಕಿದ್ದದ್ದು ಬೇರೆ. ರೆಕ್ಕೆ ಬಿಗಿಯಾದಾಗ ಬರುವ ಎಳೆತ ಹರಿದ ಕೀಲಿನ ಮೇಲೆ ಬೀಳಬಾರದು. ಹರುಕಿನ ಮೇಲಿನ ಪಟ್ಟಿಯಿಂದ ಕೆಳಗಿನ ಪಟ್ಟಿಗೆ ಇನ್ನೊಂದು ದಾರಿಯಲ್ಲಿ ಆ ಎಳೆತ ದಾಟಬೇಕು. ತಯಾರಿಸುವಾಗ ಪಟ್ಟಿಗಳನ್ನು ಸರಿಯಾಗಿ ಜೋಡಿಸಲೆಂದು ಬಿಟ್ಟಿದ್ದ ಗಟ್ಟಿ ಅಂಚಿನ ತೂತುಗಳು ಹಾಳೆಯಲ್ಲಿದ್ದವು. ಒಂದು ತುಂಡು ತಂತಿಯ ಎರಡೂ ತುದಿಗೆ ಅಲ್ಯೂಮಿನಿಯಂ ಪಟ್ಟಿ ಕಟ್ಟಬೇಕು. ಒಂದು ತುದಿಯನ್ನು ಮೇಲಿನ ತೂತಿನಲ್ಲಿ, ಇನ್ನೊಂದನ್ನು ಕೆಳಗಿನ ತೂತಿನಲ್ಲಿ ತೂರಿಸಬೇಕು. ಒಳಗೆ ಹೋದ ಪಟ್ಟಿ ಅಡ್ಡ ತಿರುಗಿ ನಿಂತರೆ ವಾಪಸ್ ಬರುವುದಿಲ್ಲ. ಅಂಗಿಯ ತೋಳಿನ ಕಫ್‌ಲಿಂಕ್ ಕೆಲಸ ಮಾಡುವುದೂ ಹೀಗೆಯೇ ಆದ್ದರಿಂದ ಇದಕ್ಕೂ ಅದೇ ಹೆಸರು ಬಿತ್ತು.

ಐದು ಕಫ್‌ಲಿಂಕ್ ಬೇಕಿತ್ತು. ನೆಲದಲ್ಲಿದ್ದವರು ಅಳತೆ ಕೊಟ್ಟರು. ವಿಟ್ಸನ್ ಮತ್ತು ಡಗ್ ವೀಲಾಕ್ ನಿಲ್ದಾಣದೊಳಗೆ ಸಿಕ್ಕ ತಂತಿ, ಅಲ್ಯೂಮಿನಿಯಂ ತುಂಡುಗಳಲ್ಲೇ ಅವನ್ನು ಮಾಡಿದರು. ಹಾಳೆಗೆ ಗೀರು ಬೀಳಬಾರದೆಂದೂ ವಿದ್ಯುತ್ ಹರಿಯಬಾರದೆಂದೂ ಮೇಲೆ ಕ್ಯಾಪ್ಟಾನ್ ಟೇಪ್ ಸುತ್ತಿದರು. ಹರಿದದ್ದು ಮಂಗಳವಾರ, ದುರಸ್ತಿಗೆ ಹೊರಟದ್ದು ಶನಿವಾರ, ನವೆಂಬರ್ 3. ಸಾಮಾನ್ಯವಾಗಿ ಒಂದು ಬಾಹ್ಯಾಕಾಶ ನಡಿಗೆಗೆ ತಿಂಗಳುಗಟ್ಟಲೆ ತಯಾರಿ, ನೀರಿನ ಕೊಳದಲ್ಲಿ ತಾಲೀಮು ಎಲ್ಲ ಇರುತ್ತದೆ. ಇದಕ್ಕೆ ಸಿಕ್ಕಿದ್ದು ಮೂರ್ನಾಲ್ಕು ದಿನ.

ಹೋಗುವುದೂ ಸುಲಭವಲ್ಲ. ಹರಿದ ಜಾಗ ನಿಲ್ದಾಣದ ತುತ್ತತುದಿಯಲ್ಲಿ, ಅಲ್ಲಿಂದ ಮತ್ತೆ ರೆಕ್ಕೆಯ ಉದ್ದಕ್ಕೆ ಸುಮಾರು 27 ಮೀಟರ್ ಆಚೆ. ನಿಲ್ದಾಣದ 17 ಮೀಟರ್ ಯಾಂತ್ರಿಕ ತೋಳು ಅಲ್ಲಿಗೆ ಎಟುಕುವುದಿಲ್ಲ. ಶಟಲ್‌ನಲ್ಲಿ ಹೊಟ್ಟೆಯ ಹೆಂಚುಗಳನ್ನು ಪರೀಕ್ಷಿಸಲು 15 ಮೀಟರ್ ಉದ್ದದ ಇನ್ನೊಂದು ಕೋಲು ಇತ್ತು. ನಿಲ್ದಾಣದ ತೋಳು ಆ ಕೋಲನ್ನು ಹಿಡಿದುಕೊಂಡಿತು. ಕೋಲಿನ ತುದಿಗೆ ಕಾಲು ಸಿಕ್ಕಿಸಿಕೊಂಡು ಸ್ಕಾಟ್ ಪರಾಜಿನ್‌ಸ್ಕಿ ನಿಂತರು. ಆ ಕೋಲಿನ ಸಂವೇದಕಗಳು ಕರೆಂಟಿಲ್ಲದೆ ಹೆಚ್ಚು ಹೊತ್ತು ಚಳಿ ತಡೆಯುವುದಿಲ್ಲ, ಹಾಗಾಗಿ ನಿಧಾನ ಮಾಡುವಂತೆಯೂ ಇರಲಿಲ್ಲ. ಒಳಗಿನಿಂದ ತೋಳು ನಡೆಸಿದವರು ಸ್ಟೆಫನಿ ವಿಲ್ಸನ್ ಮತ್ತು ಟಾನಿ. ಇಟಲಿಯ ಪಾವ್ಲೊ ನೆಸ್ಪೊಲಿ ಒಳಗಿನಿಂದಲೇ ಹಂತ ಹಂತವಾಗಿ ಸೂಚನೆ ಓದುತ್ತಿದ್ದರು. ವೀಲಾಕ್ ರೆಕ್ಕೆಯ ಬುಡದಲ್ಲಿ ನಿಂತು, ಹಾಳೆಗೂ ಪರಾಜಿನ್‌ಸ್ಕಿಗೂ ಎಷ್ಟು ಅಂತರ ಇದೆ ಎಂದು ನೋಡಿ ಹೇಳುತ್ತಿದ್ದರು.

ಸೋಲಾರ್ ರೆಕ್ಕೆಗೆ ಆಫ್ ಸ್ವಿಚ್ ಇಲ್ಲ. ಬಿಸಿಲು ಬಿದ್ದರೆ ಕರೆಂಟ್ ಹುಟ್ಟುತ್ತದೆ, ಅಷ್ಟೇ. ಅಲ್ಲಿರುವುದು ನೂರು ವೋಲ್ಟ್‌ಗಿಂತ ಜಾಸ್ತಿ. ಮನೆಯಲ್ಲಿ ಫ್ಯೂಸ್ ತೆಗೆದು ಕೆಲಸ ಮಾಡುವಂತೆ ಇಲ್ಲಿ ಮಾಡಲಾಗದು. ಕತ್ತಲಾಗುವುದನ್ನು ಕಾಯೋಣ ಅಂದರೆ ಪ್ರತಿ ಸುತ್ತಿನಲ್ಲೂ ಕತ್ತಲು ಅರ್ಧ ಗಂಟೆಗಿಂತ ಸ್ವಲ್ಪ ಜಾಸ್ತಿ ಮಾತ್ರ. ಗಗನಯಾತ್ರಿಯ ಸೂಟ್ ಒಳಗೆ ಶುದ್ಧ ಆಮ್ಲಜನಕ ಇರುತ್ತದೆ, ಕಿಡಿ ಹಾರಿದರೆ ಏನಾಗಬಹುದು ಎಂದು ಹೇಳಬೇಕಿಲ್ಲ. ಸೂಟಿನ ಲೋಹದ ಭಾಗಗಳನ್ನೂ ಉಪಕರಣಗಳನ್ನೂ ಟೇಪ್‌ನಿಂದ ಮುಚ್ಚಿದರು. ತೂಗಾಡುವ ಹಾಳೆ ಮೈಮೇಲೆ ಬಂದರೆ ತಳ್ಳಲು ಹಾಕಿ ಸ್ಟಿಕ್ ಆಕಾರದ, ಟೇಪ್ ಸುತ್ತಿದ ಒಂದು ಕೋಲನ್ನು ಕೊಟ್ಟರು. ಇನ್ನೊಂದು ಲೆಕ್ಕವೂ ಇತ್ತು. ಸೂಟ್ ತೂತಾದರೆ ತುರ್ತು ಆಮ್ಲಜನಕ ಸುಮಾರು ಅರ್ಧ ಗಂಟೆಗೆ ಸಾಕಾಗುತ್ತದೆ. ಅಲ್ಲಿಂದ ಏರ್‌ಲಾಕ್‌ಗೆ, ಅಂದರೆ ನಿಲ್ದಾಣದ ಬಾಗಿಲ ಕೋಣೆಗೆ, ಮರಳಲು ಅದಕ್ಕಿಂತ ಜಾಸ್ತಿ ಹೊತ್ತು ಬೇಕಿತ್ತು. ಗೊತ್ತಿದ್ದೇ ಹೋದರು.

ತೋಳು, ಕೋಲು ಎರಡೂ ಪೂರ್ತಿ ಚಾಚಿದಾಗ ಪರಾಜಿನ್‌ಸ್ಕಿಯ ಕೈ ಹರುಕಿಗೆ ಅಂತೂ ಎಟುಕಿತು. ಅವರು ಆರಡಿಗಿಂತ ಎತ್ತರದ ಆಳು. ಆ ದಿನ ಅದೂ ಉಪಯೋಗಕ್ಕೆ ಬಂತು. ವೃತ್ತಿಯಿಂದ ವೈದ್ಯರು ಬೇರೆ. ಕಫ್‌ಲಿಂಕ್‌ಗಳನ್ನು ಒಂದೊಂದಾಗಿ ತೂತಿಗೆ ಸೇರಿಸಿದರು. ಗಂಟಾದ ತಂತಿಯನ್ನು ಕತ್ತರಿಸಿದರು. ಕತ್ತರಿಸುವುದಕ್ಕೂ ಮುಂಚೆ ಯೋಚಿಸಬೇಕಿತ್ತು, ಏಕೆಂದರೆ ಬುಡದ ಸ್ಪ್ರಿಂಗ್ ಅದನ್ನು ಎಳೆದುಕೊಳ್ಳಲು ಕಾದಿರುತ್ತದೆ. ಬಿಟ್ಟರೆ ಚಾವಟಿಯಂತೆ ಬೀಸಿ ಹಾಳೆಯನ್ನೇ ಸೀಳಬಹುದು. ಕೆಲಸದ ನಡುವೆ ಒಂದು ನೋಸ್ ಪ್ಲೈಯರ್ ಜಾರಿ ತೇಲಿ ಹೋಯಿತು. ಉಳಿದೆಲ್ಲ ಅಂದುಕೊಂಡಂತೆ ಆಯಿತು.

ಪರಾಜಿನ್‌ಸ್ಕಿ ಸ್ವಲ್ಪ ಹಿಂದೆ ಸರಿದು ನೋಡುತ್ತಿರುವಾಗಲೇ ಕಂಬವನ್ನು ಅರ್ಧರ್ಧ ಚೌಕಟ್ಟಿನಷ್ಟು ಹೊರಗೆ ಬಿಟ್ಟರು. ಪ್ರತಿ ಸಲ ನಿಲ್ಲಿಸಿ ನೋಡುವುದು. ಕಫ್‌ಲಿಂಕ್‌ಗಳ ತಂತಿ ಬಿಗಿಯಾಯಿತು. ಹರುಕು ಅಗಲವಾಗಲಿಲ್ಲ. ರೆಕ್ಕೆ ಪೂರ್ತಿ ಬಿಚ್ಚಿಕೊಂಡಿತು. ಆ ನಡಿಗೆ 7 ಗಂಟೆ 19 ನಿಮಿಷದ್ದು. ಕೋಶಗಳು ಹೆಚ್ಚು ಕೆಟ್ಟಿರದ ಕಾರಣ ವಿದ್ಯುತ್ತೂ ಬಹುತೇಕ ಪೂರ್ತಿ ಸಿಕ್ಕಿತು.

ಈ ದುರಸ್ತಿಯಲ್ಲಿ ನನಗೆ ಬಹಳ ಮೆಚ್ಚುಗೆಯಾಗುವುದು ಒಂದು ವಿಷಯ. ಯಾರೂ ರೆಕ್ಕೆಯನ್ನು ಮೊದಲಿನಂತೆ ಮಾಡಲು ಹೋಗಲಿಲ್ಲ. ಹರಿದ ಕೀಲನ್ನು ಹರಿದಂತೆಯೇ ಬಿಟ್ಟರು. ಎಳೆತ ಎಲ್ಲಿ ಹೋಗುತ್ತಿದೆ ಎಂದು ಮಾತ್ರ ಸರಿಯಾಗಿ ಗುರುತಿಸಿ, ಅದಕ್ಕೆ ಬೇರೆ ದಾರಿ ಮಾಡಿಕೊಟ್ಟರು. ಸಮಯ, ಸಾಮಾನು ಎರಡೂ ಕಮ್ಮಿ ಇದ್ದಾಗ ಅದು ದೊಡ್ಡ ಜಾಣ್ಮೆ.

ಇಂಥ ಪ್ರಯತ್ನ ಇದೇ ಮೊದಲಲ್ಲ. 1973ರ ಮೇ ತಿಂಗಳಲ್ಲಿ ಅಮೆರಿಕದ ಬಾಹ್ಯಾಕಾಶ ನಿಲ್ದಾಣ ಸ್ಕೈಲ್ಯಾಬ್ ಹಾರುವಾಗಲೇ ಅದರ ಒಂದು ಸೋಲಾರ್ ರೆಕ್ಕೆ ಕಿತ್ತುಹೋಯಿತು. ಇನ್ನೊಂದಕ್ಕೆ ಅಲ್ಯೂಮಿನಿಯಂ ಪಟ್ಟಿ ಸುತ್ತಿಕೊಂಡು ಬಿಚ್ಚಲಿಲ್ಲ. ಜೂನ್ 7ರಂದು ಪೀಟ್ ಕಾನ್ರಾಡ್ ಮತ್ತು ಜೋ ಕರ್ವಿನ್ ಉದ್ದ ಕೋಲಿನ ತುದಿಯ ಕತ್ತರಿಯಿಂದ ಪಟ್ಟಿಯನ್ನು ಕತ್ತರಿಸಿ, ಹಗ್ಗ ಕಟ್ಟಿ ಮೈಯೆಲ್ಲ ಬಲ ಹಾಕಿ ಎಳೆದರು. ರೆಕ್ಕೆ ಒಮ್ಮೆಲೇ ಬಿಡಿಸಿಕೊಂಡಾಗ ಇಬ್ಬರೂ ಹಾರಿಹೋದರು. ಅವರನ್ನು ಹಿಡಿದದ್ದು ಸೊಂಟದ ಹಗ್ಗ. 1993ರ ಡಿಸೆಂಬರ್‌ನಲ್ಲಿ ಹಬಲ್ ದೂರದರ್ಶಕದ ಸರದಿ. ಅದರ ಒಂದು ಸೋಲಾರ್ ರೆಕ್ಕೆಯ ಚೌಕಟ್ಟು ಸೊಟ್ಟಗಾಗಿ ಸುರುಳಿ ಸುತ್ತಲು ಬರಲಿಲ್ಲ. ಭೂಮಿಗೆ ತರಬೇಕಿದ್ದ ಅದನ್ನು ಕ್ಯಾಥರಿನ್ ಥಾರ್ನ್‌ಟನ್ ಕೈಯಲ್ಲಿ ಹಿಡಿದು ಬಾಹ್ಯಾಕಾಶಕ್ಕೇ ಬಿಟ್ಟರು. ಮಡಚಲಾಗದ ರೆಕ್ಕೆಗೆ ಕೊನೆಗೆ ಉಳಿಯುವ ದಾರಿ ಇದೇ.

ಮನುಷ್ಯರೇ ಹೋಗಲಾಗದ ಎತ್ತರದಲ್ಲಿ ಹೀಗಾದರೆ? ಅದರ ಉದಾಹರಣೆ ನಮ್ಮ ಹಾಸನದಲ್ಲೇ ಇದೆ. 1983ರ ಆಗಸ್ಟ್ 30ರಂದು ಚಾಲೆಂಜರ್ ಶಟಲ್‌ನಲ್ಲಿ ಹೋದ ಇನ್ಸಾಟ್-1ಬಿ ಉಪಗ್ರಹದ ಸೋಲಾರ್ ಫಲಕ ಮೊದಲಿಗೆ ಬಿಚ್ಚಲಿಲ್ಲ. ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿರಬೇಕಾದ ಉಪಗ್ರಹ ಅದು. ಅಲ್ಲಿಗೆ ಪ್ಲೈಯರ್ ಹಿಡಿದು ಹೋಗುವವರಿಲ್ಲ. ರೇಡಿಯೋ ಆದೇಶ ಒಂದೇ ಕೈ. ಇನ್ಸಾಟ್ ಉಪಗ್ರಹಗಳನ್ನು ನಡೆಸುವುದು ಹಾಸನದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ. ಭಾರತದ ನಿಯಂತ್ರಕರೂ ಉಪಗ್ರಹ ತಯಾರಿಸಿದ ಫೋರ್ಡ್ ಸಂಸ್ಥೆಯವರೂ ಸೇರಿ ಸೆಪ್ಟೆಂಬರ್ ಮಧ್ಯದ ಹೊತ್ತಿಗೆ ಫಲಕ ಬಿಚ್ಚುವಂತೆ ಮಾಡಿದರು. ಅದಕ್ಕೂ ಹಿಂದಿನ ಇನ್ಸಾಟ್-1ಎ ವರ್ಷ ತುಂಬುವ ಮೊದಲೇ ಕೈಬಿಟ್ಟಿತ್ತು. ಹಾಗಾಗಿ ಆ ಎರಡು ವಾರ ಅವರಿಗೆ ಹೇಗಿದ್ದಿರಬಹುದು ಎಂದು ಊಹಿಸಬಹುದು.

ಈ ಅನುಭವಗಳ ನಂತರ ನಿಲ್ದಾಣಕ್ಕೆ ಬಂದ ಹೊಸ ರೆಕ್ಕೆಗಳ ವಿನ್ಯಾಸವೇ ಬೇರೆ. ಐರೋಸಾ ಎಂದು ಹೆಸರು. ಸುಮಾರು 19 ಮೀಟರ್ ಉದ್ದ, 6 ಮೀಟರ್ ಅಗಲ, ಒಂದೊಂದೂ 20 ಕಿಲೋವ್ಯಾಟ್‌ಗಿಂತ ಜಾಸ್ತಿ ಕೊಡುತ್ತದೆ. ಇದರಲ್ಲಿ ಮಡಿಕೆಗಳಿಲ್ಲ. ಹಾಳೆ ಚಾಪೆಯ ಹಾಗೆ ಸುರುಳಿ ಸುತ್ತಿಕೊಂಡು ಬರುತ್ತದೆ. ಎರಡೂ ಅಂಚಿನ ಬಾಗುವ ಕೊಳವೆಗಳನ್ನು ಸುತ್ತುವಾಗಲೇ ಅವುಗಳಲ್ಲಿ ಬಲ ಸೇರಿರುತ್ತದೆ. ಕಟ್ಟು ಬಿಚ್ಚಿದರೆ ಆ ಬಲದಿಂದಲೇ ಹಾಳೆ ಕೆಲವೇ ನಿಮಿಷಗಳಲ್ಲಿ ಹರಡಿಕೊಳ್ಳುತ್ತದೆ. ಎಳೆಯುವ ಮೋಟಾರ್ ಬೇಡ. ಹಳೆಯ ರೆಕ್ಕೆಯನ್ನು ಮಡಚುವ ಸಾಹಸಕ್ಕೂ ಯಾರೂ ಕೈ ಹಾಕಲಿಲ್ಲ. ಅದನ್ನು ಬಿಚ್ಚಿದಂತೆಯೇ ಬಿಟ್ಟು, ಅದರ ಮುಂದೆ ಓರೆಯಾಗಿ ಹೊಸದನ್ನು ನಿಲ್ಲಿಸಿದರು. ಹೊಸದರ ನೆರಳು ಬೀಳದ ಕಡೆ ಹಳೆಯ ಕೋಶಗಳು ಈಗಲೂ ವಿದ್ಯುತ್ ಕೊಡುತ್ತವೆ. ಮೊದಲ ಎರಡು ಐರೋಸಾ ಹೋದದ್ದು ಪಿ6 ತೊಲೆಗೇ. 2021ರ ಜೂನ್‌ನಲ್ಲಿ ಶೇನ್ ಕಿಂಬ್ರೋ ಮತ್ತು ಫ್ರಾನ್ಸಿನ ಥಾಮಾ ಪೆಸ್ಕೆ ಮೂರು ನಡಿಗೆಗಳಲ್ಲಿ ಅವನ್ನು ಜೋಡಿಸಿದರು. ಮೊದಲ ದಿನ ಒಂದು ಭಾಗ ಇನ್ನೊಂದಕ್ಕೆ ತಾಗಿ ಬಿಚ್ಚಲಾಗಲಿಲ್ಲ. ಫೋಟೋ ತೆಗೆದುಕೊಂಡು ವಾಪಸ್ ಬಂದು, ಜೂನ್ 20ರಂದು 2ಬಿಯ ಮುಂದೆ, 25ರಂದು 4ಬಿಯ ಮುಂದೆ ಹರಡಿದರು.